ಸ್ಟ್ಯಾನ್‌ಫೀಲ್ಡ್, ರಾಬರ್ಟ್ ಲಾರ್ನ್

(1914-2003) ಕೆನಡಾದ ಕನ್ಸರ್ವೇಟಿವ್ ಮುತ್ಸದ್ದಿ. ನೋವಾ ಸ್ಕೋಶಿಯಾ ಪ್ರಾಂತ್ಯದ ಪ್ರೀಮಿಯರ್ (1956-67), ಆಮೇಲೆ ಒಕ್ಕೂಟ ಸಂಸತ್ತಿನಲ್ಲಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ನಾಯಕ (1967-76). ಪ್ರಾಂತ್ಯದಲ್ಲಿ ಸತತ ನಾಲ್ಕು ಚುನಾವಣೆ ಗೆದ್ದವರು ದೇಶದ ಮಟ್ಟದಲ್ಲಿ ಸತತ ಮೂರು ಚುನಾವಣೆ ಸೋತರು. ಕೆನಡಾಕ್ಕೆ ದಕ್ಕದೆ ಹೋದ ಅತ್ಯುತ್ತಮ ಪ್ರಧಾನಿ ಎಂದು ಅಲ್ಲಿನವರು ಇಂದಿಗೂ ಅವರನ್ನು ನೆನೆಯುತ್ತಾರೆ. ಈ ಹೊಗಳಿಕೆಯಲ್ಲಿ ಪ್ರೀತಿ ಇದೆ, ಪೂರ್ತಿ ನ್ಯಾಯವಿಲ್ಲ. ಆಗದೆ ಹೋದದ್ದನ್ನೇ ಎಣಿಸುತ್ತ ಕುಳಿತರೆ, ಹಿಂದುಳಿದ ಪ್ರಾಂತ್ಯವೊಂದನ್ನು ಅವರು ಹನ್ನೊಂದು ವರ್ಷ ಆಳಿದ ಬಗೆ ಮರೆಗೆ ಸರಿಯುತ್ತದೆ. ಒಳಜಗಳದಲ್ಲಿ ಹರಿದುಹೋಗಿದ್ದ ಪಕ್ಷವನ್ನು ಎರಡು ಭಾಷೆಗಳ ದೇಶಕ್ಕೆ ಒಗ್ಗುವಂತೆ ತಿದ್ದಿದ ಕೆಲಸವೂ ಮರೆಯಾಗುತ್ತದೆ.

ಮನೆತನ ಮತ್ತು ಓದು

ಸ್ಟ್ಯಾನ್‌ಫೀಲ್ಡ್ ಹುಟ್ಟಿದ್ದು 1914ರ ಏಪ್ರಿಲ್ 11ರಂದು, ನೋವಾ ಸ್ಕೋಶಿಯಾದ ಟ್ರೂರೋ ಪಟ್ಟಣದಲ್ಲಿ. ಮನೆತನದ್ದು ಉಣ್ಣೆಯ ಗಿರಣಿ. ಅಜ್ಜ ಚಾರ್ಲ್ಸ್ ಸ್ಟ್ಯಾನ್‌ಫೀಲ್ಡ್ ಹಾಕಿದ ಬುನಾದಿಯ ಮೇಲೆ ಮಕ್ಕಳು ಬೆಳೆಸಿದ ಈ ಉದ್ಯಮ, ಒಗೆದರೆ ಕುಗ್ಗದ ಉಣ್ಣೆಯ ಒಳಉಡುಪಿಗೆ ಹೆಸರಾಯಿತು. ಕ್ಲೊಂಡೈಕ್ ಪ್ರದೇಶಕ್ಕೆ ಚಿನ್ನ ಹುಡುಕಿ ಹೊರಟವರು ಅದನ್ನೇ ತೊಟ್ಟು ಉತ್ತರದ ಚಳಿಯನ್ನು ಎದುರಿಸಿದರು. ಸ್ಟ್ಯಾನ್‌ಫೀಲ್ಡ್ ಎಂಬ ಹೆಸರು ಕೆನಡಾದ ಮನೆಮನೆಗೂ ತಲುಪಿದ್ದು ಮೊದಲು ಬಟ್ಟೆಯ ಮೂಲಕ, ಆಮೇಲೆ ರಾಜಕೀಯದ ಮೂಲಕ.

ರಾಜಕೀಯವೂ ಮನೆಗೆ ಹೊಸದಲ್ಲ. ತಂದೆ ಫ್ರ್ಯಾಂಕ್ ಪ್ರಾಂತ್ಯದ ಶಾಸಕರಾಗಿದ್ದವರು. 1930ರಲ್ಲಿ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆಗಿ ಮರುವರ್ಷ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ದೊಡ್ಡಪ್ಪ ಜಾನ್ ಒಕ್ಕೂಟದ ಸಂಸತ್ತಿನಲ್ಲಿ ಸದಸ್ಯರಾಗಿ, ಬಳಿಕ ಸೆನೆಟರ್ ಆಗಿ ಕೂತವರು. ಇಬ್ಬರೂ ಕನ್ಸರ್ವೇಟಿವರೇ.

ರಾಬರ್ಟ್ ಹ್ಯಾಲಿಫ್ಯಾಕ್ಸ್‌ನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ಓದಿ 1936ರಲ್ಲಿ ಗವರ್ನರ್ ಜನರಲ್ ಚಿನ್ನದ ಪದಕ ಪಡೆದರು. ಅಮೆರಿಕದ ಹಾರ್ವರ್ಡ್‌ಗೆ ಹೋಗಿ 1939ರಲ್ಲಿ ಕಾನೂನು ಪದವಿ ಮುಗಿಸಿದರು. ಅಲ್ಲಿನ ಪ್ರತಿಷ್ಠಿತ ಕಾನೂನು ಪತ್ರಿಕೆಯ ಸಂಪಾದಕ ಮಂಡಳಿಯಲ್ಲೂ ಇದ್ದರು. ಓದಿದ ಕಾಲ ಆರ್ಥಿಕ ಮಹಾಕುಸಿತದ್ದು. ಗಿರಣಿ ಮಾಲೀಕರ ಮಗನಾದರೂ ಆ ವರ್ಷಗಳಲ್ಲಿ ಅವರ ಮನಸ್ಸು ಸಮಾಜವಾದದ ಕಡೆ ವಾಲಿತ್ತು. ಆ ಒಲವು ಮುಂದೆ ತಣ್ಣಗಾಯಿತು, ಆದರೆ ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲರ ಹೊಟ್ಟೆ ತುಂಬುತ್ತದೆ ಎಂಬ ನಂಬಿಕೆ ಅವರಲ್ಲಿ ಬೇರೂರಲೇ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಲೆ ಮತ್ತು ವ್ಯಾಪಾರ ನಿಯಂತ್ರಣದ ಸರ್ಕಾರಿ ಮಂಡಳಿಗೆ ಸೇರಿ ಹ್ಯಾಲಿಫ್ಯಾಕ್ಸ್‌ನಲ್ಲಿ ಮನೆ ಬಾಡಿಗೆ ನಿಯಂತ್ರಣದ ಹೊಣೆ ಹೊತ್ತರು. ನೌಕಾಪಡೆಯವರು, ಹಡಗುಕಟ್ಟೆಯ ಕಾರ್ಮಿಕರು ತುಂಬಿ ತುಳುಕುತ್ತಿದ್ದ ಊರದು. ಬಾಡಿಗೆ ಮನೆಗಾಗಿ ಪರದಾಡುವವರ ಅರ್ಜಿಗಳನ್ನು ದಿನವೂ ನೋಡುವ ಕೆಲಸ. ಮೂವತ್ತು ವರ್ಷದ ನಂತರ ಬೆಲೆ ನಿಯಂತ್ರಣವೇ ಅವರ ಚುನಾವಣೆಯ ಕೊರಳಿಗೆ ಸುತ್ತಿಕೊಂಡಿತು ಎಂಬುದನ್ನು ನೆನೆದರೆ ಈ ನೌಕರಿಗೆ ಬೇರೆಯೇ ತೂಕ ಬರುತ್ತದೆ.

ಶೂನ್ಯದಿಂದ ಆರಂಭ

ಕೆನಡಾದ ಒಕ್ಕೂಟದಲ್ಲಿ ಶಿಕ್ಷಣ, ಆಸ್ಪತ್ರೆ, ರಸ್ತೆ, ನೈಸರ್ಗಿಕ ಸಂಪತ್ತು ಬಹುಪಾಲು ಪ್ರಾಂತ್ಯಗಳ ಕೈಯಲ್ಲಿವೆ. ರಕ್ಷಣೆ, ಬ್ಯಾಂಕಿಂಗ್, ವಿದೇಶ ವ್ಯವಹಾರ ರಾಜಧಾನಿ ಒಟ್ಟಾವಾದ ಒಕ್ಕೂಟ ಸರ್ಕಾರದ ಕೈಯಲ್ಲಿವೆ. ಹೀಗಾಗಿ ಜನರ ದಿನನಿತ್ಯದ ಬದುಕನ್ನು ಮುಟ್ಟುವುದು ಪ್ರೀಮಿಯರ್ ನಡೆಸುವ ಪ್ರಾಂತ್ಯ ಸರ್ಕಾರವೇ. 1867ರಲ್ಲಿ ಒಕ್ಕೂಟ ಕಟ್ಟಿದ ಮೂಲ ಪ್ರಾಂತ್ಯಗಳಲ್ಲಿ ನೋವಾ ಸ್ಕೋಶಿಯಾ ಒಂದು. ಹಾಯಿಹಡಗಿನ ಕಾಲದಲ್ಲಿ ಸಿರಿವಂತವಾಗಿದ್ದ ಈ ಅಟ್ಲಾಂಟಿಕ್ ಕರಾವಳಿ, ರೈಲು ಮತ್ತು ಕಾರ್ಖಾನೆಗಳ ಕಾಲ ಬಂದಾಗ ಹಿಂದೆ ಬಿತ್ತು. ಮೀನು, ಕಲ್ಲಿದ್ದಲು, ಉಕ್ಕು, ಮರ. ಇಷ್ಟರ ಮೇಲೆ ನಿಂತ ಬದುಕು. ಓದಿದ ಮಕ್ಕಳು ಟೊರಾಂಟೊಗೋ ಬಾಸ್ಟನ್‌ಗೋ ಹೊರಡುವುದು ಮನೆಮನೆಯ ಕಥೆಯಾಗಿತ್ತು.

ಇಲ್ಲಿ ಕನ್ಸರ್ವೇಟಿವರು ಕೊನೆಯದಾಗಿ ಗೆದ್ದದ್ದು 1928ರಲ್ಲಿ. 1933ರಿಂದ ಲಿಬರಲರದೇ ರಾಜ್ಯಭಾರ. 1945ರ ಚುನಾವಣೆಯಲ್ಲಿ ಕನ್ಸರ್ವೇಟಿವರಿಗೆ ಒಂದು ಸ್ಥಾನವೂ ಸಿಗದೆ, ಎರಡು ಸ್ಥಾನ ಗೆದ್ದ ಎಡಪಂಥೀಯ ಸಿಸಿಎಫ್ ಪಕ್ಷವೇ ಪ್ರತಿಪಕ್ಷವಾಯಿತು. ಹೀಗೆ ನೆಲಕಚ್ಚಿದ ಪಕ್ಷದ ನಾಯಕತ್ವವನ್ನು 1948ರಲ್ಲಿ ಸ್ಟ್ಯಾನ್‌ಫೀಲ್ಡ್ ವಹಿಸಿಕೊಂಡರು. ಆಗ ಅವರಿಗೆ 34 ವರ್ಷ.

ಎದುರಿಗಿದ್ದವರು ಆಂಗಸ್ ಎಲ್. ಮ್ಯಾಕ್‌ಡೊನಾಲ್ಡ್. ಯುದ್ಧಕಾಲದಲ್ಲಿ ಕೆನಡಾದ ನೌಕಾಖಾತೆಯ ಸಚಿವರಾಗಿದ್ದು ಮತ್ತೆ ಪ್ರಾಂತ್ಯಕ್ಕೆ ಮರಳಿದ ವಾಗ್ಮಿ. ಅವರ ಮಾತು ಕೇಳಲು ಹಳ್ಳಿಗಳಿಂದ ಜನ ಬರುತ್ತಿದ್ದರು. ಸ್ಟ್ಯಾನ್‌ಫೀಲ್ಡ್ ವೇದಿಕೆ ಹತ್ತಿದರೆ ವಾಕ್ಯ ವಾಕ್ಯಕ್ಕೂ ನಿಂತು ಯೋಚಿಸುವವರು. ಭಾಷಣದಲ್ಲಿ ಮ್ಯಾಕ್‌ಡೊನಾಲ್ಡ್ ಅವರನ್ನು ಮೀರಿಸಲಾಗದು ಎಂದು ಅರಿತು, ಅವರು ಪ್ರಾಂತ್ಯದ ಊರೂರು ಸುತ್ತಿದರು. ಒಂದೊಂದು ಕ್ಷೇತ್ರದಲ್ಲೂ ನಂಬಿಕಸ್ಥರಾದ ಸ್ಥಳೀಯರನ್ನು ಅಭ್ಯರ್ಥಿಗಳನ್ನಾಗಿ ಹುಡುಕಿದರು. 1949ರಲ್ಲಿ ಎಂಟು ಸ್ಥಾನ ಬಂದವು, ಅವರೂ ಕೋಲ್ಚೆಸ್ಟರ್ ಕ್ಷೇತ್ರದಿಂದ ಗೆದ್ದರು. 1953ರಲ್ಲಿ ಬಲ ಮತ್ತಷ್ಟು ಏರಿತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಮ್ಯಾಕ್‌ಡೊನಾಲ್ಡ್ ತೀರಿಕೊಂಡರು. ಉತ್ತರಾಧಿಕಾರಿಯ ಆಯ್ಕೆಯಲ್ಲಿ ಲಿಬರಲ್ ಪಕ್ಷ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಎಂದು ಸೀಳಿತು. ಕಡೆಗೆ ಹೆನ್ರಿ ಹಿಕ್ಸ್ ಪ್ರೀಮಿಯರ್ ಆದರೂ ಗಾಯ ಮಾಯಲಿಲ್ಲ.

ಅದೇ ವರ್ಷ ಸ್ಟ್ಯಾನ್‌ಫೀಲ್ಡ್ ಅವರ ಮನೆಯಲ್ಲೂ ಸಿಡಿಲೆರಗಿತು. ಪತ್ನಿ ಜಾಯ್ಸ್ ಕಾರು ಅಪಘಾತದಲ್ಲಿ ಸತ್ತರು. ಚಿಕ್ಕಮಕ್ಕಳು ನಾಲ್ವರು. ರಾಜಕೀಯ ಬಿಟ್ಟುಬಿಡುವ ಯೋಚನೆ ಬಂದರೂ ಅವರು ಉಳಿದರು.

1956ರ ಅಕ್ಟೋಬರ್ 30ರ ಚುನಾವಣೆಯಲ್ಲಿ ಪ್ರಚಾರದ ಹೊಣೆ ಹೊತ್ತವರಲ್ಲಿ ಡಾಲ್ಟನ್ ಕ್ಯಾಂಪ್ ಎಂಬ ಜಾಹೀರಾತು ತಜ್ಞರಿದ್ದರು. ಸ್ಟ್ಯಾನ್‌ಫೀಲ್ಡ್ ಅವರನ್ನು ಇನ್ನೊಬ್ಬ ಮ್ಯಾಕ್‌ಡೊನಾಲ್ಡ್ ಮಾಡಲು ಕ್ಯಾಂಪ್ ಹೋಗಲಿಲ್ಲ. ಆಡಂಬರವಿಲ್ಲದ ಮನುಷ್ಯನನ್ನು ಇದ್ದಂತೆಯೇ ಜನರ ಮುಂದಿಟ್ಟರು. 43 ಸ್ಥಾನಗಳಲ್ಲಿ 24 ಕನ್ಸರ್ವೇಟಿವರ ಪಾಲಾದವು. 23 ವರ್ಷದ ಲಿಬರಲ್ ಆಳ್ವಿಕೆ ಮುಗಿಯಿತು.

ಹನ್ನೊಂದು ವರ್ಷದ ಆಡಳಿತ

ಗೆಲುವಿನ ಸಂಭ್ರಮಕ್ಕೆ ಸಮಯವೇ ಸಿಗಲಿಲ್ಲ. ಫಲಿತಾಂಶ ಬಂದ ಎರಡೇ ದಿನಕ್ಕೆ, ನವೆಂಬರ್ 1ರಂದು, ಸ್ಪ್ರಿಂಗ್‌ಹಿಲ್‌ನ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 39 ಮಂದಿ ಸತ್ತರು. ಸ್ಟ್ಯಾನ್‌ಫೀಲ್ಡ್ ಪ್ರಮಾಣವಚನ ಸ್ವೀಕರಿಸಿದ್ದು ನವೆಂಬರ್ 20ರಂದು. ಎರಡು ವರ್ಷ ಕಳೆಯುವಷ್ಟರಲ್ಲಿ, 1958ರ ಅಕ್ಟೋಬರ್ 23ರಂದು, ಅದೇ ಊರಿನ ಇನ್ನೊಂದು ಗಣಿಯಲ್ಲಿ ಭೂಮಿಯ ಒತ್ತಡಕ್ಕೆ ಸುರಂಗ ಕುಸಿಯಿತು. ಒಳಗಿದ್ದ 174 ಮಂದಿಯಲ್ಲಿ 75 ಮಂದಿ ತೀರಿಕೊಂಡರು. ಇನ್ನು ಯಾರೂ ಉಳಿದಿಲ್ಲ ಎಂದುಕೊಂಡ ಮೇಲೆ, ಆರೂವರೆ ದಿನಕ್ಕೆ ಹನ್ನೆರಡು ಜನ, ಎಂಟೂವರೆ ದಿನಕ್ಕೆ ಮತ್ತೆ ಏಳು ಜನ ಜೀವಂತ ಸಿಕ್ಕರು. ಗಣಿಬಾಯಿಯಿಂದ ನೇರಪ್ರಸಾರವಾದ ದೂರದರ್ಶನದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಆ ಬಳಿಕ ಸ್ಪ್ರಿಂಗ್‌ಹಿಲ್‌ನ ದೊಡ್ಡ ಗಣಿಗಳು ಮತ್ತೆ ತೆರೆಯಲಿಲ್ಲ. ಕಲ್ಲಿದ್ದಲನ್ನು ನಂಬಿದ ಪ್ರಾಂತ್ಯಕ್ಕೆ ಬೇರೆ ದುಡಿಮೆ ಹುಡುಕಲೇಬೇಕಾದ ಅನಿವಾರ್ಯತೆ ಇದಕ್ಕಿಂತ ಕಠೋರವಾಗಿ ತಿಳಿಯುವಂತಿರಲಿಲ್ಲ.

1957ರಲ್ಲಿ ಅವರ ಸರ್ಕಾರ 'ಇಂಡಸ್ಟ್ರಿಯಲ್ ಎಸ್ಟೇಟ್ಸ್ ಲಿಮಿಟೆಡ್' ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಹೊರಗಿನ ಕಂಪನಿಗಳಿಗೆ ಸರ್ಕಾರವೇ ಜಾಗ, ಕಟ್ಟಡ, ಸಾಲ ಕೊಟ್ಟು ಕರೆತರುವ ಯೋಜನೆ ಇದು. ಮೊದಲ ಅಧ್ಯಕ್ಷರಾಗಿ ದಿನಸಿ ಅಂಗಡಿಗಳ ಸರಣಿ ಕಟ್ಟಿದ ಫ್ರ್ಯಾಂಕ್ ಸೋಬಿ ಬಂದರು. ಖಾಸಗಿ ಬಂಡವಾಳವೇ ಎಲ್ಲ ಎನ್ನುವ ಕನ್ಸರ್ವೇಟಿವರಿಗೆ ಇದು ಸರ್ಕಾರದ ಅತಿ ಹಸ್ತಕ್ಷೇಪವಾಗಿ ಕಂಡೀತು. ಸ್ಟ್ಯಾನ್‌ಫೀಲ್ಡ್ ಅವರ ಎಣಿಕೆ ಬೇರೆ: ಬಂಡವಾಳ ತಾನಾಗಿ ಬಾರದ ನೆಲಕ್ಕೆ ಅದನ್ನು ಕರೆತರುವ ಹೊಣೆ ಸರ್ಕಾರದ್ದೇ. ಸ್ವೀಡನ್ನಿನ ವೋಲ್ವೊ ಕಂಪನಿ 1963ರಲ್ಲಿ ಹ್ಯಾಲಿಫ್ಯಾಕ್ಸ್ ಎದುರಿನ ಡಾರ್ಟ್‌ಮತ್‌ನಲ್ಲಿ ಕಾರು ಜೋಡಿಸಲು ಆರಂಭಿಸಿತು. ಸಣ್ಣಪುಟ್ಟ ಕಾರ್ಖಾನೆಗಳು ಹಲವು ಬಂದವು.

ಎರಡು ಕಡೆ ಕೈ ಸುಟ್ಟುಕೊಂಡದ್ದೂ ನಿಜ, ಅದೂ ಚೆನ್ನಾಗಿಯೇ. ರೇಡಿಯೊ ಮತ್ತು ಸ್ಟೀರಿಯೊ ತಯಾರಿಸುತ್ತಿದ್ದ ಕ್ಲೇರ್‌ಟೋನ್ ಕಂಪನಿಯನ್ನು ಸ್ಟೆಲ್ಲರ್ಟನ್‌ಗೆ ಕರೆತಂದರು, ಬಣ್ಣದ ಟಿ.ವಿ. ತಯಾರಿಕೆಗೆ ಇಳಿದ ಕಂಪನಿ ನಷ್ಟದಲ್ಲಿ ಮುಳುಗಿ, ಪ್ರಾಂತ್ಯವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಎರಡನೆಯದು ಕೇಪ್ ಬ್ರೆಟನ್ ದ್ವೀಪದ ಗ್ಲೇಸ್ ಬೇಯಲ್ಲಿ ಕಟ್ಟಿದ ಭಾರಜಲ ಸ್ಥಾವರ. ಕೆನಡಾದ ಕ್ಯಾಂಡು ಪರಮಾಣು ರಿಯಾಕ್ಟರುಗಳಿಗೆ ಭಾರಜಲ ಬೇಕು. (ರಾಜಸ್ಥಾನದ ಮೊದಲ ಘಟಕಗಳು ಅದೇ ಮಾದರಿಯವು, ನಮ್ಮ ಕೈಗಾದ ರಿಯಾಕ್ಟರುಗಳೂ ಅದೇ ಭಾರಜಲ ತಂತ್ರದ ಸಂತತಿ.) ಸಮುದ್ರದ ನೀರನ್ನು ಬಳಸುವ ಹೊಸ ವಿಧಾನ ನಂಬಿ ಕಟ್ಟಿದ ಸ್ಥಾವರದ ಕೊಳವೆಗಳು ಉಪ್ಪಿಗೆ ತುಕ್ಕು ಹಿಡಿದವು. ಖರ್ಚು 10 ಕೋಟಿ ಡಾಲರ್ ದಾಟಿದರೂ ಒಂದು ಹನಿ ಭಾರಜಲ ಹೊರಬರಲಿಲ್ಲ. ಒಕ್ಕೂಟ ಸರ್ಕಾರದ ಪರಮಾಣು ಸಂಸ್ಥೆ ಅದನ್ನು ಹೊಸದಾಗಿ ಕಟ್ಟಿ 1970ರ ದಶಕದ ನಡುವಿನಲ್ಲಿ ಚಾಲೂ ಮಾಡಬೇಕಾಯಿತು. ಇವೆರಡರ ಬಿಲ್ಲು ಮೇಜಿಗೆ ಬರುವ ಹೊತ್ತಿಗೆ ಸ್ಟ್ಯಾನ್‌ಫೀಲ್ಡ್ ಒಟ್ಟಾವಾಕ್ಕೆ ಹೋಗಿಯಾಗಿತ್ತು. ಅವರ ಜಾಗಕ್ಕೆ ಬಂದ ಜಿ. ಐ. ಸ್ಮಿತ್ 1970ರಲ್ಲಿ ಸೋತದ್ದಕ್ಕೆ ಈ ಹೊರೆಯೂ ಒಂದು ಕಾರಣ. ಸ್ಟ್ಯಾನ್‌ಫೀಲ್ಡ್ ಅಭಿಮಾನಿಗಳು ಈ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ, ದಾಟಬಾರದು.

ಸಮಾಜ ಕಲ್ಯಾಣದಲ್ಲಿ ಅವರ ದಾಖಲೆ ಇನ್ನೂ ಗಟ್ಟಿ. ಆಸ್ಪತ್ರೆ ವಿಮೆಯ ಖರ್ಚನ್ನು ಹಂಚಿಕೊಳ್ಳಲು ಒಟ್ಟಾವಾ 1957ರಲ್ಲಿ ಕಾನೂನು ತಂದಾಗ ನೋವಾ ಸ್ಕೋಶಿಯಾ ಸೇರಿಕೊಂಡಿತು. 1959ರ ಜನವರಿಯಿಂದ ಪ್ರಾಂತ್ಯದವರಿಗೆ ಆಸ್ಪತ್ರೆಯ ಹಾಸಿಗೆಯ ಖರ್ಚಿನ ಭಯ ತಪ್ಪಿತು. ಅದಕ್ಕೆ ಹಣ ಹೊಂದಿಸಲು ಶೇ. 3ರ ಮಾರಾಟ ತೆರಿಗೆ ಹಾಕಿದರು. ಹೊಸ ತೆರಿಗೆಯನ್ನು ಇಂತಿಂಥದ್ದಕ್ಕೆ ಎಂದು ಬಾಯಿಬಿಟ್ಟು ಹೇಳಿ ವಿಧಿಸಿ, ಮರುವರ್ಷ ಚುನಾವಣೆಗೆ ಹೋಗಿ 27 ಸ್ಥಾನ ಗೆಲ್ಲುವುದು ಸಣ್ಣ ಮಾತಲ್ಲ. ಶಿಕ್ಷಣ ಖಾತೆಯನ್ನು ಅವರು ತಮ್ಮಲ್ಲೇ ಇಟ್ಟುಕೊಂಡಿದ್ದರು; ಶಾಲೆಗಳಿಗೂ ವಿಶ್ವವಿದ್ಯಾಲಯಗಳಿಗೂ ಅನುದಾನ ಏರಿತು.

ನೋವಾ ಸ್ಕೋಶಿಯಾದಲ್ಲಿ ಇನ್ನೂರು ವರ್ಷದಷ್ಟು ಹಳೆಯ ಕಪ್ಪು ಸಮುದಾಯಗಳಿವೆ. 1946ರಲ್ಲಿ ನ್ಯೂ ಗ್ಲಾಸ್ಗೊ ಚಿತ್ರಮಂದಿರದಲ್ಲಿ ಬಿಳಿಯರ ಸೀಟಿನಲ್ಲಿ ಕುಳಿತದ್ದಕ್ಕೆ ವಯೋಲಾ ಡೆಸ್ಮಂಡ್ ಎಂಬ ಮಹಿಳೆ ದಂಡ ಕಟ್ಟಬೇಕಾಗಿ ಬಂದ ಪ್ರಾಂತ್ಯ ಇದು. 1963ರಲ್ಲಿ ಸ್ಟ್ಯಾನ್‌ಫೀಲ್ಡ್ ಸರ್ಕಾರ ಮಾನವ ಹಕ್ಕುಗಳ ಕಾಯ್ದೆ ತಂದಿತು, 1967ರಲ್ಲಿ ಆಯೋಗವೂ ರಚನೆಯಾಯಿತು. ಇದೇ ಕಾಲದಲ್ಲಿ ಹ್ಯಾಲಿಫ್ಯಾಕ್ಸ್ ನಗರಾಡಳಿತ ಆಫ್ರಿಕ್‌ವಿಲ್ ಎಂಬ ಕಪ್ಪು ಜನರ ಕೇರಿಯನ್ನು ಕೆಡವಿ ನೆಲಸಮ ಮಾಡಿತು. ನಗರದ ನಿರ್ಧಾರವಾದರೂ ಪ್ರಾಂತ್ಯ ಸರ್ಕಾರ ಅದನ್ನು ತಡೆಯಲಿಲ್ಲ. ನಗರಾಡಳಿತ ಕ್ಷಮೆ ಕೇಳಿದ್ದು 2010ರಲ್ಲಿ. ಕಾಯ್ದೆಯನ್ನು ಮೆಚ್ಚುವವರು ಇದನ್ನೂ ಪಕ್ಕದಲ್ಲಿಟ್ಟು ಓದಬೇಕು.

1963ರಲ್ಲಿ 43ರಲ್ಲಿ 39, 1967ರ ಮೇ 30ರಂದು 46ರಲ್ಲಿ 40 ಸ್ಥಾನಗಳನ್ನು ಅವರು ಗೆದ್ದರು. ಈ ಕೊನೆಯ ಗೆಲುವು ಒಟ್ಟಾವಾದ ಕಣ್ಣು ಅವರತ್ತ ಹೊರಳಿಸಿತು.

ಒಟ್ಟಾವಾದ ಹಾದಿ

ಅಲ್ಲಿ ಪಕ್ಷದೊಳಗೆ ಬೆಂಕಿ ಬಿದ್ದಿತ್ತು. 1957ರಿಂದ 1963ರವರೆಗೆ ಪ್ರಧಾನಿಯಾಗಿದ್ದ ಜಾನ್ ಡೀಫನ್‌ಬೇಕರ್ ಎರಡು ಚುನಾವಣೆ ಸೋತರೂ ನಾಯಕತ್ವ ಬಿಡಲೊಲ್ಲರು. ಪಕ್ಷದ ಅಧ್ಯಕ್ಷರಾಗಿದ್ದ ಡಾಲ್ಟನ್ ಕ್ಯಾಂಪ್ 1966ರ ನವೆಂಬರ್‌ನಲ್ಲಿ ನಾಯಕತ್ವದ ಮರುಪರಿಶೀಲನೆಗೆ ಪಕ್ಷವನ್ನು ಒಪ್ಪಿಸಿದರು. ಡೀಫನ್‌ಬೇಕರ್ ಬಣ ಇದನ್ನು ದ್ರೋಹವೆಂದು ಕರೆಯಿತು, ಕೊನೆವರೆಗೂ ಮರೆಯಲಿಲ್ಲ.

1967ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಸಮಾವೇಶ. ಕಣದಲ್ಲಿ ಹನ್ನೊಂದು ಮಂದಿ. ಡೀಫನ್‌ಬೇಕರ್ ತಾವೂ ನಿಂತರು. ಪ್ರಾಂತ್ಯ ಬಿಡಲು ಮನಸ್ಸಿಲ್ಲದೆ ತಿಂಗಳುಗಟ್ಟಲೆ ಇಲ್ಲ ಎನ್ನುತ್ತಿದ್ದ ಸ್ಟ್ಯಾನ್‌ಫೀಲ್ಡ್ ಜುಲೈನಲ್ಲಿ ಒಪ್ಪಿದ್ದರು. ಐದನೇ ಸುತ್ತಿನಲ್ಲಿ ಮ್ಯಾನಿಟೋಬಾದ ಪ್ರೀಮಿಯರ್ ಡಫ್ ರಾಬ್ಲಿನ್ ಅವರನ್ನು 1,150ಕ್ಕೆ 969 ಮತಗಳಿಂದ ಸೋಲಿಸಿ ನಾಯಕರಾದರು. ನವೆಂಬರ್‌ನ ಉಪಚುನಾವಣೆಯಲ್ಲಿ ಗೆದ್ದು ಸಂಸತ್ತಿಗೆ ಬಂದರು. 1968ರಿಂದ ಹ್ಯಾಲಿಫ್ಯಾಕ್ಸ್ ಅವರ ಕ್ಷೇತ್ರವಾಯಿತು.

ಪ್ರೀಮಿಯರ್ ಆಗಿದ್ದವರು ಪ್ರಧಾನಿಯಾಗುವುದು ಕೆನಡಾದಲ್ಲಿ ಬಲು ಅಪರೂಪ. ಹಾಗೆ ಆದ ಇಬ್ಬರೂ, ಜಾನ್ ಥಾಂಪ್ಸನ್ (1892) ಮತ್ತು ಚಾರ್ಲ್ಸ್ ಟಪ್ಪರ್ (1896), ನೋವಾ ಸ್ಕೋಶಿಯಾದವರೇ, ಕನ್ಸರ್ವೇಟಿವರೇ. ಅವರಾದ ಮೇಲೆ ಮ್ಯಾನಿಟೋಬಾದ ಜಾನ್ ಬ್ರ್ಯಾಕನ್, ಒಂಟಾರಿಯೊದ ಜಾರ್ಜ್ ಡ್ರೂ ಪ್ರಯತ್ನಿಸಿ ಸೋತಿದ್ದರು. ಇದಕ್ಕೆ ಕಾರಣವುಂಟು. ಪ್ರೀಮಿಯರ್ ತನ್ನ ಪ್ರಾಂತ್ಯದ ಪರ ಒಟ್ಟಾವಾದೊಡನೆ ಜಗಳವಾಡಿ ಹೆಸರು ಗಳಿಸುತ್ತಾನೆ. ದೇಶಕ್ಕೆ ನಾಯಕನಾಗಲು ಹೊರಟಾಗ ಉಳಿದ ಒಂಬತ್ತು ಪ್ರಾಂತ್ಯಗಳಿಗೆ ಅವನು ಹೊರಗಿನವನು. ಒಂದು ಸಣ್ಣ ಪ್ರಾಂತ್ಯದಲ್ಲಿ ಮತದಾರರು ನಾಯಕನನ್ನು ಹತ್ತಿರದಿಂದ ಕಂಡಿರುತ್ತಾರೆ. ಸ್ಟ್ಯಾನ್‌ಫೀಲ್ಡ್ ಅವರ ನಿಧಾನ ಅಲ್ಲಿ ನಂಬಿಕೆಯ ಗುರುತಾಗಿತ್ತು. ಟಿ.ವಿ. ಪರದೆಯಲ್ಲಿ ಅರ್ಧ ನಿಮಿಷ ನೋಡುವವರಿಗೆ ಅದೇ ನಿಧಾನ ಮಂಕಾಗಿ ಕಂಡಿತು.

1968ರ ಫೆಬ್ರವರಿ

ಅವರ ರಾಜಕೀಯ ಬದುಕಿನ ತಿರುವು ಯಾವುದು ಎಂದರೆ ಹೆಚ್ಚಿನವರು 1974ರ ಪ್ರಚಾರದಲ್ಲಿ ಅವರ ಕೈಯಿಂದ ಫುಟ್‌ಬಾಲ್ ಜಾರಿದ ಛಾಯಾಚಿತ್ರವನ್ನು ತೋರಿಸುತ್ತಾರೆ. ನಿಜವಾದ ತಿರುವು 1968ರ ಫೆಬ್ರವರಿ 19ರ ರಾತ್ರಿಯದು. ಲೆಸ್ಟರ್ ಪಿಯರ್ಸನ್ ಅವರ ಅಲ್ಪಮತದ ಲಿಬರಲ್ ಸರ್ಕಾರ ತೆರಿಗೆ ಮಸೂದೆಯೊಂದನ್ನು ಕೆಳಮನೆಯಲ್ಲಿ 84ಕ್ಕೆ 82ರಲ್ಲಿ ಸೋತಿತು. ಪ್ರಧಾನಿ ವಿಶ್ರಾಂತಿಗೆ ಜಮೈಕಾಕ್ಕೆ ಹೋಗಿದ್ದರು. ಸಚಿವರಲ್ಲಿ ಹಲವರು ಅವರ ಉತ್ತರಾಧಿಕಾರಿಯಾಗುವ ಪ್ರಚಾರದಲ್ಲಿ ಊರೂರು ತಿರುಗುತ್ತಿದ್ದರು. ಹಣಕಾಸು ಮಸೂದೆ ಬಿದ್ದರೆ ಸರ್ಕಾರವೂ ಬೀಳಬೇಕು ಎಂಬುದು ವೆಸ್ಟ್‌ಮಿನ್‌ಸ್ಟರ್ ಪದ್ಧತಿ. ಲಿಬರಲರಿಗೆ ಆಗ ಹೊಸ ನಾಯಕನೇ ಇಲ್ಲ. ಚುನಾವಣೆ ಅಂದೇ ಘೋಷಣೆಯಾಗಿದ್ದರೆ ಸ್ಟ್ಯಾನ್‌ಫೀಲ್ಡ್ ಪ್ರಧಾನಿಯಾಗುವ ಸಾಧ್ಯತೆ ಬಲವಾಗಿತ್ತು.

ಪಿಯರ್ಸನ್ ಧಾವಿಸಿ ಬಂದು 24 ತಾಸು ಕಲಾಪ ಮುಂದೂಡಲು ಕೇಳಿದರು. ಸ್ಟ್ಯಾನ್‌ಫೀಲ್ಡ್ ಒಪ್ಪಿದರು. ಕೆನಡಾ ಡಾಲರಿನ ಮೇಲೆ ಅಂತರರಾಷ್ಟ್ರೀಯ ಒತ್ತಡವಿದೆ, ಸರ್ಕಾರ ಬಿದ್ದರೆ ಹಣದ ಬೆಲೆ ಕುಸಿಯಬಹುದು ಎಂದು ಬ್ಯಾಂಕ್ ಆಫ್ ಕೆನಡಾದ ಗವರ್ನರ್ ಲೂಯಿ ರಾಸ್ಮಿನ್‌ಸ್ಕಿ ಅವರಿಗೆ ವಿವರಿಸಿದರು. ಸಿಕ್ಕ ಬಿಡುವಿನಲ್ಲಿ ಲಿಬರಲರು ಮಂದಿ ಕೂಡಿಸಿ, ಆ ಸೋಲು ಅವಿಶ್ವಾಸವಲ್ಲ ಎಂಬ ನಿರ್ಣಯ ಗೆದ್ದುಕೊಂಡರು. ಏಪ್ರಿಲ್‌ನಲ್ಲಿ ಪಿಯೆರ್ ಟ್ರುಡೊ ಲಿಬರಲ್ ನಾಯಕರಾದರು. ಸ್ಟ್ಯಾನ್‌ಫೀಲ್ಡ್ ಪಟ್ಟು ಹಿಡಿಯಬೇಕಿತ್ತು ಎಂದು ಅವರ ಪಕ್ಷದವರು ದಶಕಗಳ ಕಾಲ ಹಳಹಳಿಸಿದರು. ದೇಶದ ಹಣಕ್ಕೆ ಅಪಾಯವಿದೆ ಎಂದು ಕೇಂದ್ರ ಬ್ಯಾಂಕಿನ ಮುಖ್ಯಸ್ಥರೇ ಹೇಳುತ್ತಿರುವಾಗ ಅದನ್ನು ತಳ್ಳಿಹಾಕಿ ಅಧಿಕಾರದತ್ತ ಧಾವಿಸುವವರಾಗಿದ್ದರೆ ಅವರು ಸ್ಟ್ಯಾನ್‌ಫೀಲ್ಡ್ ಆಗಿರುತ್ತಿರಲಿಲ್ಲ. ಅವರು ಮಾಡಿದ್ದು ಸರಿ, ಮತ್ತು ಅದಕ್ಕೆ ತೆತ್ತ ಬೆಲೆ ಅವರ ಇಡೀ ಮುಂದಿನ ಬದುಕು.

ಜೂನ್ 25ರ ಚುನಾವಣೆ ಟ್ರುಡೊ ಅಲೆಯಲ್ಲಿ ನಡೆಯಿತು. ಕನ್ಸರ್ವೇಟಿವರಿಗೆ ಬಂದದ್ದು 72 ಸ್ಥಾನ. ಲಿಬರಲರಿಗೆ ಸ್ಪಷ್ಟ ಬಹುಮತ. ಆ ಅಲೆಯಲ್ಲೂ ಅಟ್ಲಾಂಟಿಕ್ ಪ್ರಾಂತ್ಯಗಳ 32 ಸ್ಥಾನಗಳಲ್ಲಿ 25 ಸ್ಟ್ಯಾನ್‌ಫೀಲ್ಡ್ ಬೆನ್ನಿಗೆ ನಿಂತವು. ಅವರನ್ನು ಬಲ್ಲ ಊರುಗಳಿಗೆ ಟಿ.ವಿ. ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ.

ಭಾಷೆಯ ಪ್ರಶ್ನೆ

ಫ್ರೆಂಚ್ ಮಾತಾಡುವ ಕ್ವಿಬೆಕ್‌ನಲ್ಲಿ ಪಕ್ಷಕ್ಕೆ ನೆಲೆಯಿಲ್ಲದೆ ದೇಶ ಆಳಲಾಗದು ಎಂದು ಸ್ಟ್ಯಾನ್‌ಫೀಲ್ಡ್ ಕಂಡುಕೊಂಡಿದ್ದರು. ಬರೀ ಲೆಕ್ಕಾಚಾರವಲ್ಲ ಅದು; ಎರಡು ಜನಾಂಗಗಳು ಕೂಡಿ ಕಟ್ಟಿದ ದೇಶದಲ್ಲಿ ಒಂದರ ಭಾಷೆಗೆ ಸರ್ಕಾರಿ ಕಚೇರಿಯಲ್ಲಿ ಬಾಗಿಲು ಮುಚ್ಚಿರಬಾರದು ಎಂಬ ನಂಬಿಕೆ. ನಡುವಯಸ್ಸು ದಾಟಿದ ಮೇಲೆ ಅವರೇ ಕುಳಿತು ಫ್ರೆಂಚ್ ಕಲಿತರು. ಉಚ್ಚಾರ ಕೊನೆವರೆಗೂ ತೊಡಕಾಗಿಯೇ ಉಳಿಯಿತು.

1969ರಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್‌ಗೆ ಒಕ್ಕೂಟದ ಆಡಳಿತದಲ್ಲಿ ಸಮಾನ ಸ್ಥಾನ ಕೊಡುವ ಅಧಿಕೃತ ಭಾಷೆಗಳ ಮಸೂದೆಯನ್ನು ಟ್ರುಡೊ ತಂದರು. ಪ್ರತಿಪಕ್ಷದ ನಾಯಕ ಬೆಂಬಲಿಸಿದರು. ಡೀಫನ್‌ಬೇಕರ್ ಮುಂದಾಳತ್ವದಲ್ಲಿ ಅವರದೇ ಪಕ್ಷದ 17 ಸದಸ್ಯರು ವಿರುದ್ಧ ಮತ ಹಾಕಿದರು. 1973ರಲ್ಲಿ ಈ ಒಡಕನ್ನು ಬಯಲಿಗೆಳೆಯಲೆಂದೇ ಲಿಬರಲರು ಮತ್ತೊಂದು ನಿರ್ಣಯ ಮಂಡಿಸಿದಾಗಲೂ ಹಾಗೆಯೇ ಆಯಿತು. ಪಶ್ಚಿಮ ಪ್ರಾಂತ್ಯಗಳಲ್ಲಿ ದ್ವಿಭಾಷಾ ನೀತಿಯ ಮೇಲಿನ ಸಿಟ್ಟನ್ನು ಮತವಾಗಿಸಿಕೊಳ್ಳುವ ದಾರಿ ಅವರ ಮುಂದೆ ಸದಾ ತೆರೆದೇ ಇತ್ತು. ಅವರು ಅತ್ತ ಕಾಲಿಡಲಿಲ್ಲ.

1974ರಲ್ಲಿ ಪರೀಕ್ಷೆ ಇನ್ನೂ ಹತ್ತಿರ ಬಂತು. ನ್ಯೂ ಬ್ರನ್ಸ್‌ವಿಕ್‌ನ ಮಾಂಕ್ಟನ್‌ನಲ್ಲಿ ಫ್ರೆಂಚ್ ವಿರೋಧಕ್ಕೆ ಹೆಸರಾದ ಮಾಜಿ ಮೇಯರ್ ಲೆನಾರ್ಡ್ ಜೋನ್ಸ್ ಪಕ್ಷದ ಸ್ಥಳೀಯ ಸಭೆಯಲ್ಲಿ ಗೆದ್ದು ಅಭ್ಯರ್ಥಿಯಾದರು. ಅಭ್ಯರ್ಥಿಯ ಕಾಗದಕ್ಕೆ ನಾಯಕನ ಸಹಿ ಬೇಕೆಂಬ ಚುನಾವಣಾ ನಿಯಮ ಆಗಿನ್ನೂ ಹೊಸದು. ಸ್ಟ್ಯಾನ್‌ಫೀಲ್ಡ್ ಸಹಿ ಹಾಕಲಿಲ್ಲ. ಜೋನ್ಸ್ ಪಕ್ಷೇತರರಾಗಿ ನಿಂತು ಗೆದ್ದರು. ಒಂದು ಸ್ಥಾನ ಹೋಯಿತು, ಪಕ್ಷ ಯಾವುದರ ಪರ ಎಂಬುದು ಖಚಿತವಾಯಿತು.

1970ರ ಅಕ್ಟೋಬರ್‌ನಲ್ಲಿ ಕ್ವಿಬೆಕ್ ಪ್ರತ್ಯೇಕತಾವಾದಿ ಉಗ್ರರು ಬ್ರಿಟಿಷ್ ರಾಯಭಾರ ಅಧಿಕಾರಿಯನ್ನೂ ಪ್ರಾಂತ್ಯದ ಸಚಿವ ಪಿಯೆರ್ ಲಪೋರ್ಟ್ ಅವರನ್ನೂ ಅಪಹರಿಸಿದಾಗ ಟ್ರುಡೊ ಯುದ್ಧಕಾಲದ ಕಾಯ್ದೆಯನ್ನು ಜಾರಿಗೊಳಿಸಿದರು. ವಿಚಾರಣೆಯಿಲ್ಲದೆ ನೂರಾರು ಜನರ ಬಂಧನವಾಯಿತು. ಸ್ಟ್ಯಾನ್‌ಫೀಲ್ಡ್ ಕೂಡ ಅನುಮಾನದ ನಡುವೆಯೇ ಬೆಂಬಲಿಸಿದರು. ಅವರ ಪಕ್ಷದಲ್ಲಿ ವಿರೋಧಿಸಿದವರು ಡೇವಿಡ್ ಮ್ಯಾಕ್‌ಡೊನಾಲ್ಡ್ ಒಬ್ಬರೇ. ಆ ಮತದ ಬಗ್ಗೆ ಸ್ಟ್ಯಾನ್‌ಫೀಲ್ಡ್ ಮುಂದೆ ವಿಷಾದಪಟ್ಟರು.

ಎರಡು ಸ್ಥಾನದ ಅಂತರ, ಒಂದು ಚಿತ್ರ

1972ರ ಅಕ್ಟೋಬರ್ 30ರ ಚುನಾವಣೆಯ ವೇಳೆಗೆ ಟ್ರುಡೊ ಮೋಡಿ ಇಳಿದಿತ್ತು, ನಿರುದ್ಯೋಗ ಏರಿತ್ತು. ಎಣಿಕೆ ಮುಗಿದಾಗ ಲಿಬರಲ್ 109, ಕನ್ಸರ್ವೇಟಿವ್ 107. ಒಂಟಾರಿಯೊ ಹೆಸರಿನ ಒಂದು ಕ್ಷೇತ್ರವನ್ನು ಮರುಎಣಿಕೆಯಲ್ಲಿ ಲಿಬರಲರು ನಾಲ್ಕೇ ಮತದಲ್ಲಿ ಉಳಿಸಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 31 ಸ್ಥಾನದ ನ್ಯೂ ಡೆಮಾಕ್ರಟಿಕ್ ಪಕ್ಷದ ಆಸರೆಯಲ್ಲಿ ಟ್ರುಡೊ ಉಳಿದರು. ಕ್ವಿಬೆಕ್‌ನಲ್ಲಿ ಕನ್ಸರ್ವೇಟಿವರಿಗೆ ದಕ್ಕಿದ್ದು ಎರಡೇ ಸ್ಥಾನ. ಅಲ್ಲಿ ಇನ್ನೆರಡು ಬಂದಿದ್ದರೂ ಚರಿತ್ರೆ ಬೇರೆ ದಾರಿ ಹಿಡಿಯುತ್ತಿತ್ತು.

1974ರ ಮೇ ತಿಂಗಳಲ್ಲಿ ಬಜೆಟ್ ಸೋತು ಸರ್ಕಾರ ಬಿತ್ತು. ಎರಡಂಕಿಗೆ ಮುಟ್ಟಿದ್ದ ಹಣದುಬ್ಬರವೇ ಆ ಚುನಾವಣೆಯ ವಿಷಯ. 90 ದಿನ ಬೆಲೆ ಮತ್ತು ಸಂಬಳಗಳನ್ನು ಇದ್ದಲ್ಲೇ ಹಿಡಿದಿಟ್ಟು, ಬಳಿಕ ನಿಯಂತ್ರಣಕ್ಕೆ ಒಳಪಡಿಸುವುದಾಗಿ ಸ್ಟ್ಯಾನ್‌ಫೀಲ್ಡ್ ಹೇಳಿದರು. ಸಂಬಳಕ್ಕೆ ಕೈಹಾಕುತ್ತೇನೆ ಎಂದು ದುಡಿಯುವವರ ಮುಖಕ್ಕೆ ಹೇಳಿ ಮತ ಕೇಳಿದರು. ಟ್ರುಡೊ ಸಭೆ ಸಭೆಯಲ್ಲೂ ಆ ನೀತಿಯನ್ನು ಲೇವಡಿ ಮಾಡಿ ಕಾರ್ಮಿಕರ ಮತ ಸೆಳೆದರು.

ಮೇ 30ರಂದು ಅವರ ಪ್ರಚಾರದ ವಿಮಾನ ಉತ್ತರ ಒಂಟಾರಿಯೊದ ನಾರ್ತ್ ಬೇಯಲ್ಲಿ ಇಳಿದಿತ್ತು. ಬಿಡುವಿನಲ್ಲಿ ಸ್ಟ್ಯಾನ್‌ಫೀಲ್ಡ್ ಕೋಟು ಕಳಚಿ ಜತೆಯವರೊಡನೆ ಫುಟ್‌ಬಾಲ್ ಎಸೆದಾಡಿದರು. ಬಹಳ ಸಲ ಹಿಡಿದರು, ಒಮ್ಮೆ ಕೈಜಾರಿತು. ಕೆನಡಿಯನ್ ಪ್ರೆಸ್‌ನ ಛಾಯಾಗ್ರಾಹಕ ಡಗ್ ಬಾಲ್ ತೆಗೆದ ಚಿತ್ರಗಳಲ್ಲಿ ಚೆಂಡು ಹಿಡಿದವೂ ಇದ್ದವು. ಮರುದಿನ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಮಾತ್ರ, ಮಂಡಿ ಬಾಗಿ ಮುಖ ಸಿಂಡರಿಸಿ ಚೆಂಡು ಕಳೆದುಕೊಂಡ ಚಿತ್ರ. ಆ ಚಿತ್ರವೇ ಅವರನ್ನು ಸೋಲಿಸಿತು ಎಂಬ ಮಾತು ಉತ್ಪ್ರೇಕ್ಷೆ. ಸೋಲಿಸಿದ್ದು ಬೆಲೆ-ಸಂಬಳದ ನೀತಿ. ಆದರೆ ಅವರು ತಡಬಡಿಸುವ ಮನುಷ್ಯ ಎಂದು ಮೊದಲೇ ತೀರ್ಮಾನಿಸಿದ್ದವರಿಗೆ ಅದು ಪುರಾವೆಯಾಗಿ ಒದಗಿತು. ಅಂಥ ಪುರಾವೆ ಆರಿಸಿಕೊಟ್ಟ ಸಂಪಾದಕರ ಹೊಣೆಯನ್ನು ಕೆನಡಾದ ಪತ್ರಿಕೋದ್ಯಮ ಇಂದಿಗೂ ಚರ್ಚಿಸುತ್ತದೆ.

ಜುಲೈ 8ರ ಫಲಿತಾಂಶದಲ್ಲಿ ಲಿಬರಲರಿಗೆ 141, ಕನ್ಸರ್ವೇಟಿವರಿಗೆ 95. ಹದಿನೈದು ತಿಂಗಳ ನಂತರ, 1975ರ ಅಕ್ಟೋಬರ್‌ನಲ್ಲಿ, ಟ್ರುಡೊ ತಾವೇ ಬೆಲೆ ಮತ್ತು ಸಂಬಳ ನಿಯಂತ್ರಣದ ಕಾನೂನನ್ನು ತಂದರು.

ವಿಚಾರ

ಸಂಪ್ರದಾಯವನ್ನು ಗೌರವಿಸುತ್ತ ಬಡವರ ಹೊಣೆ ಸಮಾಜದ್ದೆಂದು ನಂಬುವ ಕೆನಡಾದ ಕನ್ಸರ್ವೇಟಿವರನ್ನು 'ರೆಡ್ ಟೋರಿ'ಗಳೆನ್ನುತ್ತಾರೆ. ಆ ಪಂಥದ ಉದಾಹರಣೆ ಕೇಳಿದರೆ ಮೊದಲು ಬರುವ ಹೆಸರು ಸ್ಟ್ಯಾನ್‌ಫೀಲ್ಡ್ ಅವರದು. ಎಲ್ಲರಿಗೂ ಕನಿಷ್ಠ ವಾರ್ಷಿಕ ಆದಾಯದ ಖಾತರಿ ಕೊಡುವ ವಿಚಾರವನ್ನು ಅವರು 1960ರ ದಶಕದ ಕೊನೆಯಲ್ಲೇ ಪಕ್ಷದ ಮುಂದಿಟ್ಟರು. 1969ರ ನಯಾಗರ ಸಮಾವೇಶದಲ್ಲಿ ಅದಕ್ಕೆ ಪ್ರತಿರೋಧವೂ ಬಂತು. 1974ರ ಸೋಲಿನ ನಂತರ ತಮ್ಮ ಸಂಸದರಿಗೆ ಬರೆದ ಟಿಪ್ಪಣಿಯಲ್ಲಿ, ಬ್ರಿಟಿಷ್ ಮೂಲದ ಕನ್ಸರ್ವೇಟಿವ್ ಚಿಂತನೆಯ ತಿರುಳು ವ್ಯಾಪಾರದ ಸ್ವಾತಂತ್ರ್ಯವಲ್ಲ, ಸಮಾಜದ ಸುವ್ಯವಸ್ಥೆ ಎಂದು ವಾದಿಸಿದರು. ಬಡತನ ಆ ವ್ಯವಸ್ಥೆಯನ್ನು ಕೆಡಿಸುವುದರಿಂದ ಅದನ್ನು ಹೋಗಲಾಡಿಸುವುದು ಕನ್ಸರ್ವೇಟಿವ್ ಕೆಲಸವೇ ಎಂಬುದು ಅವರ ನಿಲುವು. ಮುಂದಿನ ದಶಕದಲ್ಲಿ ಬ್ರಿಟನ್, ಅಮೆರಿಕಗಳ ಬಲಪಂಥ ಹಿಡಿದ ದಾರಿ ಇದಕ್ಕೆ ನೇರ ವಿರುದ್ಧವಾದದ್ದು.

ಕೊನೆಯ ವರ್ಷಗಳು

1976ರ ಫೆಬ್ರವರಿಯಲ್ಲಿ ಪಕ್ಷದ ನಾಯಕತ್ವವನ್ನು ಅವರು ಜೋ ಕ್ಲಾರ್ಕ್‌ಗೆ ಬಿಟ್ಟುಕೊಟ್ಟರು, 1979ರಲ್ಲಿ ಸಂಸತ್ತಿನಿಂದ ನಿವೃತ್ತರಾದರು. ಅದೇ ವರ್ಷ ಪ್ರಧಾನಿಯಾದ ಕ್ಲಾರ್ಕ್, ಇಸ್ರೇಲಿನ ಕೆನಡಾ ರಾಯಭಾರ ಕಚೇರಿಯನ್ನು ಟೆಲ್ ಅವೀವ್‌ನಿಂದ ಜೆರುಸಲೇಮಿಗೆ ಒಯ್ಯುವ ಮಾತು ಕೊಟ್ಟು ಇಕ್ಕಟ್ಟಿಗೆ ಸಿಲುಕಿದ್ದರು. ವಿಶೇಷ ಪ್ರತಿನಿಧಿಯಾಗಿ ಪಶ್ಚಿಮ ಏಷ್ಯಾ ಸುತ್ತಿ ಬಂದ ಸ್ಟ್ಯಾನ್‌ಫೀಲ್ಡ್ ಅದು ಬೇಡವೆಂದು ವರದಿ ಕೊಟ್ಟರು. ಸರ್ಕಾರ ಯೋಜನೆ ಕೈಬಿಟ್ಟಿತು. ಆಮೇಲೆ ಸಾರ್ವಜನಿಕ ನೀತಿಯ ಸಂಶೋಧನಾ ಸಂಸ್ಥೆಯೊಂದಕ್ಕೂ ಕಾಮನ್‌ವೆಲ್ತ್ ಫೌಂಡೇಶನ್‌ಗೂ ಅಧ್ಯಕ್ಷರಾಗಿದ್ದರು. ಪ್ರಧಾನಿಗಳಿಗೆ ಸಲ್ಲುವ 'ರೈಟ್ ಆನರಬಲ್' ಬಿರುದನ್ನು 1992ರಲ್ಲಿ ಅವರಿಗೆ ವಿಶೇಷವಾಗಿ ಕೊಡಲಾಯಿತು.

1984ರಲ್ಲಿ ಬ್ರಯನ್ ಮಲ್ರೋನಿ ನಾಯಕತ್ವದಲ್ಲಿ ಇದೇ ಪಕ್ಷ ಕ್ವಿಬೆಕ್‌ನ 75 ಸ್ಥಾನಗಳಲ್ಲಿ 58ನ್ನು ಗೆದ್ದಿತು. ಗೆದ್ದವರು ಮಲ್ರೋನಿ, ನಿಜ. ಆದರೆ ಫ್ರೆಂಚರನ್ನು ಹಳಿಯುವ ಪಕ್ಷ ಎಂಬ ಹಣೆಪಟ್ಟಿ ಅಂಟದಂತೆ ಒಂಬತ್ತು ವರ್ಷ ಮತ ಕಳೆದುಕೊಂಡು ಕಾದವರು ಸ್ಟ್ಯಾನ್‌ಫೀಲ್ಡ್. ಅವರ ಒಕ್ಕೂಟ ರಾಜಕಾರಣವನ್ನು ಮೂರು ಸೋಲುಗಳಿಂದಲ್ಲ, ಈ ಕೆಲಸದಿಂದ ಅಳೆಯಬೇಕು.

2003ರ ಡಿಸೆಂಬರ್ 16ರಂದು ಒಟ್ಟಾವಾದಲ್ಲಿ ನಿಧನರಾದರು. ಸಮಾಧಿ ಹ್ಯಾಲಿಫ್ಯಾಕ್ಸ್‌ನ ಕ್ಯಾಂಪ್ ಹಿಲ್‌ನಲ್ಲಿದೆ. ಅದೇ ತಿಂಗಳಲ್ಲಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಪಶ್ಚಿಮದ ಕೆನಡಿಯನ್ ಅಲಯನ್ಸ್ ಜತೆ ವಿಲೀನವಾಗಿತ್ತು, ಹೊಸ ಪಕ್ಷದ ಹೆಸರಿನಿಂದ 'ಪ್ರೋಗ್ರೆಸಿವ್' ಎಂಬ ಪದ ಬಿದ್ದುಹೋಗಿತ್ತು. ಹ್ಯಾಲಿಫ್ಯಾಕ್ಸ್‌ನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಈಗ ಅವರ ಹೆಸರಿದೆ.